ಟಿಬಿ ರೋಗಾಣುವಿಗೆ ಎಲ್ಲಿ ಹೊಡೆದರೆ ಸಾಯುತ್ತದೆ?

ಐಸೋನಿಯಾಜಿಡ್ ಎಂಬ ಮಾತ್ರೆ ಟಿಬಿ ರೋಗಿಗಳ ಕೈಗೆ ಬಂದದ್ದು 1952ರಲ್ಲಿ. ಅದು ರೋಗಾಣುವಿನ ಒಳಗೆ ಯಾವ ಪ್ರೋಟೀನಿಗೆ ತಾಗುತ್ತದೆ ಎಂದು ಗೊತ್ತಾದದ್ದು 1994ರಲ್ಲಿ. ನಡುವೆ 42 ವರ್ಷ. ಅಷ್ಟರಲ್ಲಿ ಲಕ್ಷಾಂತರ ಜನ ಅದನ್ನು ನುಂಗಿ ಗುಣವಾಗಿದ್ದರು. ರೋಗಾಣುವಿನ ಗೋಡೆ ಕಟ್ಟುವ ಕೆಲಸಕ್ಕೆ ಅದು ಅಡ್ಡಿ ಮಾಡುತ್ತದೆ ಎಂಬ ಸುಳಿವು ಸಿಕ್ಕಿತ್ತು. ಆದರೆ ಅಡ್ಡಿ ನಿಖರವಾಗಿ ಎಲ್ಲಿ ಎಂದು ಕೇಳಿದರೆ ಉತ್ತರ ಇರಲಿಲ್ಲ.

ಗುಣವಾದರೆ ಸಾಕು, ಹೇಗೆ ಅನ್ನೋದು ಯಾಕೆ ಬೇಕು ಅಂತ ಅನ್ನಿಸಬಹುದು. ಮದ್ದು ನಾಟುವ ತನಕ ಆ ಮಾತು ಸರಿ. ರೋಗಾಣು ಅದಕ್ಕೆ ಬಗ್ಗದೆ ಹೋದ ದಿನ, ಎಲ್ಲಿ ತಪ್ಪಿತು ಅಂತ ಹುಡುಕಬೇಕಾಗುತ್ತದೆ. ಮೊದಲು ಎಲ್ಲಿ ತಾಗುತ್ತಿತ್ತು ಅನ್ನೋದೇ ಗೊತ್ತಿಲ್ಲದಿದ್ದರೆ ಹುಡುಕುವುದು ಎಲ್ಲಿಂದ?

ಮದ್ದು ಹೋಗಿ ತಾಗುವ ಆ ಜಾಗಕ್ಕೆ ವಿಜ್ಞಾನಿಗಳು ಟಾರ್ಗೆಟ್ ಅನ್ನುತ್ತಾರೆ. ನಾವು ಗುರಿ ಅನ್ನೋಣ. ಹೆಚ್ಚಿನ ಸಲ ಅದು ರೋಗಾಣುವಿನೊಳಗಿನ ಒಂದು ಪ್ರೋಟೀನ್. ಅದರ ಮೈಮೇಲಿನ ಒಂದು ಪುಟ್ಟ ಸಂದಿಯಲ್ಲಿ ಮದ್ದಿನ ಅಣು ಹೋಗಿ ಕೂತರೆ ಪ್ರೋಟೀನಿನ ಕೆಲಸ ನಿಲ್ಲುತ್ತದೆ. ಕೆಲಸ ನಿಂತರೆ ರೋಗಾಣು ಸಾಯಬೇಕು, ಇಲ್ಲವೇ ಕನಿಷ್ಠ ಬೆಳೆಯದೆ ಇರಬೇಕು. ಹೇಳಲು ಇಷ್ಟೇ. ಆದರೆ ಇಂಥ ಒಂದು ಗುರಿಯನ್ನು ಹುಡುಕಿ, ಅದು ನಿಜವಾದ ಗುರಿಯೇ ಅಂತ ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ವರ್ಷಗಳೇ ಕಳೆದುಹೋಗುತ್ತವೆ. ಯಾಕೆ ಅಂತ ನೋಡೋಣ.

ಒಂದು ಗುರಿ, ಹತ್ತಿರದಿಂದ

ಟಿಬಿ ರೋಗಾಣುವಿನ ಸುತ್ತ ಮೇಣದಂಥ ದಪ್ಪ ಗೋಡೆ ಇದೆ. ಆ ಗೋಡೆಯ ಮುಖ್ಯ ಸಾಮಗ್ರಿ ಮೈಕೋಲಿಕ್ ಆಮ್ಲ. ಇದು ತುಂಬಾ ಉದ್ದದ ಕೊಬ್ಬಿನ ಅಣು. ಒಂದೊಂದರಲ್ಲೂ 70ರಿಂದ 90 ಕಾರ್ಬನ್ ಪರಮಾಣುಗಳು ಇರುತ್ತವೆ. ನಮ್ಮ ಅಡುಗೆ ಎಣ್ಣೆಯ ಕೊಬ್ಬಿನಲ್ಲಿ ಸಾಮಾನ್ಯವಾಗಿ 16 ಅಥವಾ 18 ಇರುತ್ತವೆ, ಅಷ್ಟೇ. ಅಂದರೆ ರೋಗಾಣು ಎಷ್ಟು ಶ್ರಮ ಪಟ್ಟು ಈ ಗೋಡೆ ಕಟ್ಟಿಕೊಳ್ಳುತ್ತದೆ ಅಂತ ಯೋಚಿಸಿ.

ಇಷ್ಟು ಉದ್ದದ ಸರಪಳಿ ಒಂದೇ ಸಲಕ್ಕೆ ಆಗುವುದಿಲ್ಲ. ಪ್ರೋಟೀನುಗಳ ಒಂದು ತಂಡ ಸುತ್ತು ಸುತ್ತಾಗಿ ಕೆಲಸ ಮಾಡುತ್ತದೆ. ಪ್ರತಿ ಸುತ್ತಿನಲ್ಲೂ ಸರಪಳಿಗೆ ಎರಡು ಕಾರ್ಬನ್ ಸೇರುತ್ತದೆ. ಪ್ರತಿ ಸುತ್ತಿನ ಕೊನೆಯ ಹೆಜ್ಜೆಯನ್ನು ಮುಗಿಸುವ ಪ್ರೋಟೀನಿನ ಹೆಸರು ಇನ್‌ಎಚ್‌ಎ. ಈ ಕೆಲಸಕ್ಕೆ ಅದಕ್ಕೊಂದು ಸಹಾಯಕ ಅಣು ಬೇಕು, ಎನ್‌ಎಡಿಎಚ್ ಅಂತ. ಅದು ಕೂರಲು ಇನ್‌ಎಚ್‌ಎ ಮೈಯಲ್ಲಿ ಒಂದು ಸಂದಿ ಇದೆ.

ಐಸೋನಿಯಾಜಿಡ್ ತಾನೇ ನೇರವಾಗಿ ಆ ಸಂದಿಗೆ ಹೋಗುವುದಿಲ್ಲ. ರೋಗಾಣುವಿನ ಒಳಗೆ ಕ್ಯಾಟ್‌ಜಿ ಎಂಬ ಇನ್ನೊಂದು ಪ್ರೋಟೀನ್ ಇದೆ. ನಮ್ಮ ರಕ್ಷಣಾ ಕೋಶಗಳು ರೋಗಾಣುವಿನ ಮೇಲೆ ಎರಚುವ ಪೆರಾಕ್ಸೈಡನ್ನು ನಿಷ್ಕ್ರಿಯ ಮಾಡುವುದು ಅದರ ಕೆಲಸ. ಈ ಕ್ಯಾಟ್‌ಜಿ ಐಸೋನಿಯಾಜಿಡನ್ನು ಒಡೆದು ಚುರುಕಾದ ತುಂಡು ಮಾಡುತ್ತದೆ. ಆ ತುಂಡು ಎನ್‌ಎಡಿ ಅಣುವಿಗೆ (ಎನ್‌ಎಡಿಎಚ್‌ನದೇ ಇನ್ನೊಂದು ರೂಪ) ಅಂಟಿಕೊಳ್ಳುತ್ತದೆ. ಅಂಟಿಕೊಂಡ ಜೋಡಿ ಹೋಗಿ ಇನ್‌ಎಚ್‌ಎ ಸಂದಿಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಸರಪಳಿ ಉದ್ದವಾಗುವುದು ಅಲ್ಲಿಗೆ ನಿಂತಿತು. ಗೋಡೆ ಬಿರುಕು ಬಿಡುತ್ತದೆ, ರೋಗಾಣು ಸಾಯುತ್ತದೆ. ತನ್ನನ್ನು ಕಾಯುವ ಪ್ರೋಟೀನಿನ ಕೈಯಲ್ಲೇ ರೋಗಾಣು ಮದ್ದಿಗೆ ಜೀವ ಕೊಡುತ್ತದೆ ಅನ್ನೋದನ್ನು ಮೊದಲ ಸಲ ಓದಿದಾಗ ನಾನು ಪುಟ ತಿರುಗಿಸದೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಈಗ ಗುರಿ ಗೊತ್ತಿದ್ದರೆ ಏನು ಲಾಭ ನೋಡಿ. ಐಸೋನಿಯಾಜಿಡ್‌ಗೆ ಬಗ್ಗದ ರೋಗಾಣುಗಳನ್ನು ಪರೀಕ್ಷಿಸಿದರೆ ಬಹುಪಾಲು ಕೆಟ್ಟಿರುವುದು ಕ್ಯಾಟ್‌ಜಿ. ಇನ್‌ಎಚ್‌ಎ ಹಾಗೇ ಇರುತ್ತದೆ. ಅಂದರೆ ಮದ್ದಿಗೆ ಜೀವ ಬರುತ್ತಿಲ್ಲ, ಆದರೆ ಗುರಿ ಇನ್ನೂ ತೆರೆದೇ ಇದೆ. ಕ್ಯಾಟ್‌ಜಿಯ ಸಹಾಯ ಇಲ್ಲದೆ ನೇರವಾಗಿ ಇನ್‌ಎಚ್‌ಎಗೆ ಹೋಗಿ ಕೂರುವ ಅಣು ಸಿಕ್ಕರೆ ಆ ರೋಗಾಣುವೂ ಸಾಯಬೇಕು ಅಲ್ವಾ? ಸಾಯುತ್ತದೆ. ಪಿರಿಡೊಮೈಸಿನ್ ಎಂಬ ಹಳೆಯ ಆ್ಯಂಟಿಬಯಾಟಿಕ್ ಹೀಗೆ ನೇರವಾಗಿ ಇನ್‌ಎಚ್‌ಎಗೆ ತಾಗುತ್ತದೆ ಎಂದು 2012ರಲ್ಲಿ ತೋರಿಸಿದರು. ಅದು ಮಾತ್ರೆಯಾಗಿ ರೋಗಿಯ ಕೈಗೆ ಬಂದಿಲ್ಲ. ಆದರೆ ದಾರಿ ಇದೆ ಅಂತ ಗೊತ್ತಾಯಿತು.

ಇನ್ನೊಂದು ಲಾಭ. ನಮ್ಮ ದೇಹವೂ ಕೊಬ್ಬು ತಯಾರಿಸುತ್ತದೆ. ಆದರೆ ನಮ್ಮಲ್ಲಿ ಆ ಎಲ್ಲ ಹೆಜ್ಜೆಗಳನ್ನೂ ಒಂದೇ ದೊಡ್ಡ ಪ್ರೋಟೀನ್ ಮಾಡುತ್ತದೆ. ಇನ್‌ಎಚ್‌ಎ ಥರ ಪ್ರತ್ಯೇಕವಾಗಿ ನಿಂತು ಕೆಲಸ ಮಾಡುವ ತಂಡ ನಮ್ಮ ಕೊಬ್ಬಿನ ಕಾರ್ಖಾನೆಯಲ್ಲಿ ಇಲ್ಲ. ಹಾಗಾಗಿ ಅಲ್ಲಿಗೆ ಹೊಡೆದರೆ ರೋಗಾಣುವಿಗೆ ಪೆಟ್ಟು ಬೀಳುತ್ತದೆ, ನಮ್ಮ ಕೊಬ್ಬಿನ ಕೆಲಸ ತಪ್ಪಿಸಿಕೊಳ್ಳುತ್ತದೆ.

ಒಂದು ಗುರಿ ಯಾಕೆ ಸಾಲದು

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ 1 ಕೋಟಿ 8 ಲಕ್ಷ ಜನಕ್ಕೆ ಟಿಬಿ ಬಂತು. ಸುಮಾರು 12.5 ಲಕ್ಷ ಜನ ಸತ್ತರು. ವಾಸಿಯಾಗುವ ರೋಗದಿಂದ ಇಷ್ಟು ಸಾವು. ಸಾಮಾನ್ಯ ಟಿಬಿಗೆ ಬಹಳ ಕಾಲದಿಂದ ಕೊಡುತ್ತಿರುವ ಚಿಕಿತ್ಸೆ ಆರು ತಿಂಗಳದ್ದು. ಮೊದಲ ಎರಡು ತಿಂಗಳು ನಾಲ್ಕು ಮದ್ದು, ಆಮೇಲೆ ನಾಲ್ಕು ತಿಂಗಳು ಎರಡು ಮದ್ದು. ಐಸೋನಿಯಾಜಿಡ್, ರಿಫಾಂಪಿಸಿನ್, ಪಿರಜಿನಮೈಡ್, ಎಥಾಂಬುಟಾಲ್, ಈ ನಾಲ್ಕೂ 1950 ಮತ್ತು 60ರ ದಶಕದವು.

ನಾಲ್ಕು ಯಾಕೆ ಬೇಕು? ಲೆಕ್ಕ ಸರಳ. ಐಸೋನಿಯಾಜಿಡ್‌ಗೆ ತಾನಾಗಿಯೇ ಬಗ್ಗದ ರೋಗಾಣು ಸುಮಾರು ಹತ್ತು ಲಕ್ಷದಲ್ಲಿ ಒಂದು ಹುಟ್ಟುತ್ತದೆ. ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು ಹತ್ತು ಕೋಟಿಯಲ್ಲಿ ಒಂದು. ಟಿಬಿಯಿಂದ ಶ್ವಾಸಕೋಶದಲ್ಲಿ ಆಗುವ ಒಂದು ಗುಳಿಯಲ್ಲೇ ಹತ್ತು ಕೋಟಿ ರೋಗಾಣುಗಳು ಇರಬಹುದು. ಅಂದಮೇಲೆ ಒಂದೇ ಮದ್ದು ಕೊಟ್ಟರೆ ಅದಕ್ಕೆ ಜಗ್ಗದವು ಅಲ್ಲಿ ಮೊದಲೇ ಕೂತಿರುತ್ತವೆ. ಉಳಿದವು ಸಾಯುತ್ತವೆ, ಇವು ಬೆಳೆಯುತ್ತವೆ. ಎರಡು ಮದ್ದು ಒಟ್ಟಿಗೆ ಕೊಟ್ಟರೆ, ಎರಡಕ್ಕೂ ಬಗ್ಗದ್ದು ಹುಟ್ಟುವ ಸಾಧ್ಯತೆ ನೂರು ಲಕ್ಷ ಕೋಟಿಗೆ ಒಂದು. ಅಷ್ಟು ರೋಗಾಣು ಒಬ್ಬ ಮನುಷ್ಯನಲ್ಲಿ ಇರುವುದಿಲ್ಲ.

ಆದರೆ ಈ ಲೆಕ್ಕ ನಡೆಯಬೇಕಾದರೆ ಎರಡು ಮದ್ದಿನ ಗುರಿ ಬೇರೆ ಬೇರೆ ಇರಬೇಕು. ಐಸೋನಿಯಾಜಿಡ್ ಗೋಡೆಗೆ ಹೊಡೆದರೆ ರಿಫಾಂಪಿಸಿನ್ ಹೊಡೆಯುವುದು ಆರ್‌ಎನ್‌ಎ ಪಾಲಿಮರೇಸ್ ಎಂಬ ಪ್ರೋಟೀನಿಗೆ, ಅಂದರೆ ಜೀನುಗಳಲ್ಲಿ ಬರೆದದ್ದನ್ನು ನಕಲು ತೆಗೆಯುವ ಯಂತ್ರಕ್ಕೆ. ಒಂದೇ ಗುರಿಗೆ ಎರಡು ಮದ್ದು ಹೊಡೆದರೆ, ಅಲ್ಲಿ ಆಗುವ ಒಂದೇ ಬದಲಾವಣೆಯಿಂದ ಎರಡೂ ವ್ಯರ್ಥವಾಗಬಹುದು. ಹಳೆಯ ಮದ್ದುಗಳಿಗೆ ಬಗ್ಗದ ಟಿಬಿ ಬಂದವರಿಗೆ ಪೂರ್ತಿ ಹೊಸ ಕಟ್ಟು ಕಟ್ಟಿಕೊಡಬೇಕು. ಅದಕ್ಕೆ ಒಂದು ಗುರಿ ಸಾಲದು, ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕಾರು ಗುರಿಗಳು ಬೇಕು.

ಪಟ್ಟಿ ಸಿಕ್ಕಿತು, ಮದ್ದು ಸಿಗಲಿಲ್ಲ

1998ರಲ್ಲಿ ಸ್ಟ್ಯೂವರ್ಟ್ ಕೋಲ್ ಮತ್ತು ಜೊತೆಗಾರರು ಟಿಬಿ ರೋಗಾಣುವಿನ ಪೂರ್ತಿ ಡಿಎನ್‌ಎಯನ್ನು ಓದಿ ಮುಗಿಸಿದರು. 44 ಲಕ್ಷ ಅಕ್ಷರ, ಸುಮಾರು 4000 ಜೀನ್. ಅದರಲ್ಲಿ 250ರಷ್ಟು ಜೀನುಗಳು ಕೊಬ್ಬಿಗೆ ಸಂಬಂಧಿಸಿದ ಕೆಲಸದವು. ಕರುಳಿನಲ್ಲಿರುವ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಇಂಥವು 50 ಮಾತ್ರ. ಕೊಬ್ಬು ಕಟ್ಟುವುದು, ಕೊಬ್ಬು ತಿನ್ನುವುದು ಈ ರೋಗಾಣುವಿನ ಬದುಕಿನಲ್ಲಿ ಎಷ್ಟು ದೊಡ್ಡ ವಿಷಯ ಅಂತ ಆಗ ಗೊತ್ತಾಯಿತು.

ಮುಂದಿನ ಪ್ರಶ್ನೆ: 4000ದಲ್ಲಿ ಯಾವುದು ಇಲ್ಲದಿದ್ದರೆ ರೋಗಾಣು ಬದುಕುವುದಿಲ್ಲ? ಇದಕ್ಕೊಂದು ಚಂದದ ಉಪಾಯ ಇದೆ. ಡಿಎನ್‌ಎಯೊಳಗೆ ಎಲ್ಲಿ ಬೇಕಾದರಲ್ಲಿ ನುಗ್ಗಿ ಕೂರುವ ತುಂಡುಗಳಿವೆ, ಟ್ರಾನ್ಸ್‌ಪೋಸಾನ್ ಅಂತ. ಅದು ಯಾವ ಜೀನಿನ ನಡುವೆ ನುಗ್ಗುತ್ತದೋ ಆ ಜೀನ್ ಕೆಡುತ್ತದೆ. ಲಕ್ಷಗಟ್ಟಲೆ ರೋಗಾಣುಗಳಲ್ಲಿ ಹೀಗೆ ನುಗ್ಗಿಸಿ, ಬೆಳೆಯಲು ಬಿಟ್ಟು, ಬದುಕಿದವುಗಳಲ್ಲಿ ತುಂಡು ಎಲ್ಲೆಲ್ಲಿ ಕೂತಿದೆ ಅಂತ ನೋಡುವುದು. ಯಾವ ಜೀನಿನಲ್ಲಿ ಒಂದು ಸಲವೂ ತುಂಡು ಕಾಣುವುದಿಲ್ಲವೋ, ಆ ಜೀನ್ ಕೆಟ್ಟ ರೋಗಾಣುಗಳೆಲ್ಲ ಸತ್ತಿವೆ ಅಂತ ಅರ್ಥ. 2003ರಲ್ಲಿ ಈ ರೀತಿ ಲೆಕ್ಕ ಹಾಕಿದಾಗ ಸುಮಾರು 600 ಜೀನುಗಳು ಸಿಕ್ಕವು. 2017ರಲ್ಲಿ ಇನ್ನೂ ಸೂಕ್ಷ್ಮವಾಗಿ ನೋಡಿದಾಗ ಪಟ್ಟಿ 461ಕ್ಕೆ ಇಳಿಯಿತು.

ಪಟ್ಟಿ ಕೈಯಲ್ಲಿದ್ದರೆ ದಾರಿ ಸುಲಭ ಅನ್ನಿಸುತ್ತದೆ. ಒಂದು ಪ್ರೋಟೀನ್ ಆರಿಸಿ, ಅದನ್ನು ಶುದ್ಧ ಮಾಡಿ, ಲಕ್ಷಾಂತರ ರಾಸಾಯನಿಕಗಳನ್ನು ಒಂದೊಂದಾಗಿ ಅದರ ಮೇಲೆ ಹಾಕಿ ನೋಡಿದರೆ ಆಯಿತಲ್ಲ. ಆದರೆ ಆಗಲಿಲ್ಲ. ಬರೀ ಟಿಬಿಯ ಕಥೆ ಅಲ್ಲ ಇದು. ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪನಿ 1995ರಿಂದ 2001ರ ತನಕ ಬೇರೆ ಬ್ಯಾಕ್ಟೀರಿಯಾಗಳ ಮೇಲೆ ಇಂಥ 70 ದೊಡ್ಡ ಹುಡುಕಾಟಗಳನ್ನು ನಡೆಸಿತು. ಅವುಗಳಲ್ಲಿ 67 ಈ ಥರ ಒಂದೊಂದು ಪ್ರೋಟೀನನ್ನು ಹಿಡಿದು ಮಾಡಿದವು. ಮುಂದಕ್ಕೆ ಕೊಂಡೊಯ್ಯಲು ಯೋಗ್ಯ ಅನ್ನಿಸಿದ್ದು ಐದೇ ಐದು. ಕಂಪನಿ ಈ ಲೆಕ್ಕವನ್ನು 2007ರಲ್ಲಿ ತಾನೇ ಪ್ರಕಟಿಸಿತು. ಸೋತದ್ದನ್ನು ಹೀಗೆ ಬಿಚ್ಚಿ ಹೇಳಿದ್ದರಿಂದ ಬೇರೆಯವರಿಗೆ ಎಷ್ಟೋ ವರ್ಷದ ಕೆಲಸ ಉಳಿಯಿತು ಅಂತ ನನ್ನ ನಂಬಿಕೆ.

ಎಡವಿದ್ದು ಎಲ್ಲಿ? ಶುದ್ಧ ಪ್ರೋಟೀನನ್ನು ಗಾಜಿನ ತಟ್ಟೆಯಲ್ಲಿ ಇಟ್ಟರೆ ಅದರ ಸುತ್ತ ಗೋಡೆ ಇಲ್ಲ. ರಾಸಾಯನಿಕ ನೇರ ಹೋಗಿ ಕೂರುತ್ತದೆ. ಅದೇ ರಾಸಾಯನಿಕವನ್ನು ಜೀವಂತ ರೋಗಾಣುವಿನ ಮೇಲೆ ಹಾಕಿದರೆ ಆ ಮೇಣದ ಗೋಡೆಯನ್ನು ದಾಟುವುದೇ ಇಲ್ಲ. ದಾಟಿದರೂ ಒಳಗಿನ ಪಂಪುಗಳು ಅದನ್ನು ಹೊರಗೆ ತಳ್ಳುತ್ತವೆ. ಇಲ್ಲವೇ ಒಳಗಿನ ಪ್ರೋಟೀನುಗಳು ಅದನ್ನು ಒಡೆದು ಹಾಕುತ್ತವೆ. ಗುರಿ ಸರಿ ಇತ್ತು, ಮದ್ದು ಅಲ್ಲಿಗೆ ಮುಟ್ಟಲಿಲ್ಲ.

ರೋಗಾಣುವನ್ನೇ ಕೇಳುವುದು

ಆಗ ಹಲವರು ಹಳೆಯ ದಾರಿಗೆ ಮರಳಿದರು. ಮೊದಲು ಪೂರ್ತಿ ಬ್ಯಾಕ್ಟೀರಿಯಾವನ್ನು ಕೊಲ್ಲುವ ರಾಸಾಯನಿಕ ಹುಡುಕು. ಎಲ್ಲಿ ತಾಗಿತು ಅಂತ ಆಮೇಲೆ ನೋಡು. ಈ ದಾರಿಯ ಅತ್ಯುತ್ತಮ ಉದಾಹರಣೆ ಬೆಡಾಕ್ವಿಲಿನ್. ಇದರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಗುರಿಯನ್ನು ಪತ್ತೆ ಮಾಡುವುದು ಅಂದರೇನು ಅನ್ನೋದು ಇಲ್ಲಿ ಪೂರ್ತಿ ಕಾಣುತ್ತದೆ.

ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯಲ್ಲಿ ಕೋಯೆನ್ ಆಂಡ್ರೀಸ್ ಅವರ ತಂಡ ಹುಡುಕಾಟ ಶುರು ಮಾಡಿದ್ದು ಟಿಬಿ ರೋಗಾಣುವಿನ ಮೇಲಲ್ಲ, ಅದರ ನೆಂಟ ಸ್ಮೆಗ್ಮಾಟಿಸ್ ಎಂಬ ಬ್ಯಾಕ್ಟೀರಿಯಾದ ಮೇಲೆ. ಅದು ಸಾಮಾನ್ಯವಾಗಿ ರೋಗ ತರುವುದಿಲ್ಲ, ಬೇಗ ಬೆಳೆಯುತ್ತದೆ. ಟಿಬಿ ರೋಗಾಣು ಒಂದು ಎರಡಾಗಲು ಹತ್ತಿರ ಹತ್ತಿರ ಒಂದು ದಿನ ಬೇಕು. ಇ. ಕೋಲೈಗೆ 20 ನಿಮಿಷ ಸಾಕು. ತಟ್ಟೆಯ ಮೇಲೆ ಕಣ್ಣಿಗೆ ಕಾಣುವ ಟಿಬಿ ಚುಕ್ಕಿ ಮೂಡಲು ಮೂರು ನಾಲ್ಕು ವಾರ ಕಾಯಬೇಕು. ಈ ನಿಧಾನವೇ ಟಿಬಿ ಸಂಶೋಧನೆಯ ದೊಡ್ಡ ಕಷ್ಟ. ಒಂದು ಸಣ್ಣ ತಪ್ಪಾದರೆ ಒಂದು ತಿಂಗಳು ಹೋಯಿತು.

ಚೆನ್ನಾಗಿ ಕೊಲ್ಲುವ ಒಂದು ರಾಸಾಯನಿಕ ಕುಟುಂಬ ಸಿಕ್ಕಿತು. ಟಿಬಿ ರೋಗಾಣುವನ್ನೂ ಕೊಲ್ಲುತ್ತಿತ್ತು. ಹಳೆಯ ಮದ್ದುಗಳಿಗೆ ಬಗ್ಗದ ರೋಗಾಣುಗಳನ್ನೂ ಕೊಲ್ಲುತ್ತಿತ್ತು. ಅಂದರೆ ಹಳೆಯ ಗುರಿಗಳಲ್ಲ, ಇದು ಬೇರೆ ಎಲ್ಲೋ ತಾಗುತ್ತಿದೆ. ಎಲ್ಲಿ?

ಇದಕ್ಕೆ ರೋಗಾಣುವೇ ಉತ್ತರ ಹೇಳುವಂತೆ ಮಾಡಬಹುದು. ಮದ್ದು ಬೆರೆಸಿದ ತಟ್ಟೆಯ ಮೇಲೆ ಕೋಟಿಗಟ್ಟಲೆ ರೋಗಾಣುಗಳನ್ನು ಹರಡುತ್ತಾರೆ. ಬಹುತೇಕ ಎಲ್ಲವೂ ಸಾಯುತ್ತವೆ. ವಾರಗಳಾದ ಮೇಲೆ ಖಾಲಿ ತಟ್ಟೆಯ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕಿ ಮೂಡುತ್ತದೆ. ಇವು ಮದ್ದಿಗೆ ಬಗ್ಗದವು. ಇವುಗಳ ಡಿಎನ್‌ಎಯನ್ನು ಪೂರ್ತಿ ಓದಿ, ಮೂಲ ರೋಗಾಣುವಿನ ಡಿಎನ್‌ಎ ಜೊತೆ ಹೋಲಿಸಿ ನೋಡುತ್ತಾರೆ. ಲಕ್ಷಾಂತರ ಅಕ್ಷರಗಳಲ್ಲಿ ಯಾವ ಅಕ್ಷರ ಬದಲಾಗಿದೆ? ಸ್ಮೆಗ್ಮಾಟಿಸ್‌ನಲ್ಲೂ ಟಿಬಿ ರೋಗಾಣುವಿನಲ್ಲೂ ಬದಲಾಗಿದ್ದ ಜೀನ್ ಒಂದೇ ಒಂದು. ಅದರ ಹೆಸರು ಎಟಿಪಿ-ಇ.

ಬದಲಾದ ಜೀನ್ ಸಿಕ್ಕಿದ ತಕ್ಷಣ ಅದೇ ಗುರಿ ಅಂತ ಹೇಳಿಬಿಡುವ ಹಾಗಿಲ್ಲ. ಆ ಬದಲಾವಣೆ ಆಕಸ್ಮಿಕ ಇರಬಹುದು. ಅದಕ್ಕೆ ಇನ್ನೊಂದು ಪರೀಕ್ಷೆ. ಬದಲಾದ ಜೀನನ್ನು ತೆಗೆದು, ಮದ್ದಿಗೆ ಸಾಯುವ ಸಾಮಾನ್ಯ ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. ಅದೂ ಮದ್ದಿಗೆ ಬಗ್ಗದಂತಾಯಿತು. ಈಗ ಅನುಮಾನ ಬಹಳಷ್ಟು ಕಡಿಮೆಯಾಯಿತು. ಈ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಮುಂದೆ ಬೇರೆ ತಂಡಗಳು ಮದ್ದು ಪ್ರೋಟೀನಿನ ಮೇಲೆ ಕೂತಿರುವ ಚಿತ್ರವನ್ನೇ ತೆಗೆದವು.

ಎಟಿಪಿ-ಇ ಜೀನ್ ತಯಾರಿಸುವುದು ಒಂದು ದೊಡ್ಡ ಯಂತ್ರದ ಭಾಗವನ್ನು. ಆ ಯಂತ್ರದ ಹೆಸರು ಎಟಿಪಿ ಸಿಂಥೇಸ್. ಎಟಿಪಿ ಅಂದರೆ ಜೀವಕೋಶದ ಒಳಗೆ ಎಲ್ಲ ಕೆಲಸಕ್ಕೂ ಖರ್ಚಾಗುವ ಶಕ್ತಿಯ ಅಣು. ಈ ಯಂತ್ರದಲ್ಲಿ ನಿಜಕ್ಕೂ ತಿರುಗುವ ಒಂದು ಚಕ್ರ ಇದೆ. ಒಂಬತ್ತು ಒಂದೇ ಥರದ ತುಂಡುಗಳು ಉಂಗುರದ ಹಾಗೆ ಜೋಡಿಸಿಕೊಂಡಿರುತ್ತವೆ. ಪ್ರೋಟಾನುಗಳು, ಅಂದರೆ ಧನ ವಿದ್ಯುದಾವೇಶದ ಹೈಡ್ರೋಜನ್ ಕಣಗಳು, ಹಾದುಹೋಗುವಾಗ ಚಕ್ರ ತಿರುಗುತ್ತದೆ, ತಿರುಗಿದಾಗ ಎಟಿಪಿ ತಯಾರಾಗುತ್ತದೆ. ಬೆಡಾಕ್ವಿಲಿನ್ ಹೋಗಿ ಪ್ರೋಟಾನ್ ಹಿಡಿಯುವ ಜಾಗದಲ್ಲೇ ಕೂರುತ್ತದೆ. ಚಕ್ರ ನಿಲ್ಲುತ್ತದೆ.

ರೋಗಾಣು ತಕ್ಷಣ ಸಾಯುವುದಿಲ್ಲ. ಮೊದಲ ಕೆಲವು ದಿನ ಏನೂ ಆಗದ ಹಾಗೆ ಇರುತ್ತದೆ. ಉಳಿದ ಶಕ್ತಿಯನ್ನು ಎಳೆದಾಡಿಕೊಂಡು ಬದುಕುತ್ತದೆ. ಆಮೇಲೆ ಸಾಯಲು ಶುರುವಾಗುತ್ತದೆ. ಬೆಳೆಯದೆ ಮುದುಡಿ ಮಲಗಿರುವ ರೋಗಾಣುಗಳೂ ಸಾಯುತ್ತವೆ, ಯಾಕೆಂದರೆ ಮಲಗಿದ್ದರೂ ಉಸಿರು ಹಿಡಿದಿಡಲು ಸ್ವಲ್ಪ ಎಟಿಪಿ ಬೇಕೇ ಬೇಕು.

ಈ ಯಂತ್ರ ನಮ್ಮ ಜೀವಕೋಶಗಳಲ್ಲೂ ಇದೆ. ಪುಸ್ತಕದ ನಿಯಮದ ಪ್ರಕಾರ ಗುರಿ ಮನುಷ್ಯರಲ್ಲಿ ಇರಬಾರದು. ಹಾಗೆ ನೋಡಿದರೆ ಎಟಿಪಿ ಸಿಂಥೇಸ್ ಪಟ್ಟಿಯಿಂದ ಮೊದಲೇ ಹೊರಗೆ ಹೋಗಬೇಕಿತ್ತು. ಆದರೆ ಮದ್ದು ಕೂರುವ ಆ ಸಂದಿ ನಮ್ಮದಕ್ಕೂ ರೋಗಾಣುವಿನದ್ದಕ್ಕೂ ಬೇರೆ. ಒಂದು ಅಧ್ಯಯನದ ಪ್ರಕಾರ ನಮ್ಮ ಯಂತ್ರವನ್ನು ನಿಲ್ಲಿಸಲು 20,000 ಪಟ್ಟು ಜಾಸ್ತಿ ಮದ್ದು ಬೇಕು. ಕಾಗದದ ಮೇಲೆ ಕುಳಿತು ಗುರಿ ಆರಿಸಿದ್ದರೆ ಈ ಮದ್ದು ಹುಟ್ಟುತ್ತಿತ್ತೋ ಇಲ್ಲವೋ. ಹೃದಯದ ಬಡಿತದ ಮೇಲೆ ಅದರ ಪರಿಣಾಮ ಇರುವುದರಿಂದ ಇಸಿಜಿ ನೋಡುತ್ತಾ ಕೊಡಬೇಕು, ಅದು ಬೇರೆ ವಿಷಯ.

2012ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ನಲವತ್ತಕ್ಕೂ ಹೆಚ್ಚು ವರ್ಷದ ಮೇಲೆ ಹೊಸ ಗುರಿಯ ಟಿಬಿ ಮದ್ದೊಂದು ಬಂದಿತ್ತು. ಅದನ್ನು ಪ್ರೆಟೊಮನಿಡ್ ಮತ್ತು ಲಿನೆಜೋಲಿಡ್ ಎಂಬ ಇನ್ನೆರಡು ಮದ್ದುಗಳ ಜೊತೆ ಸೇರಿಸಿ ದಕ್ಷಿಣ ಆಫ್ರಿಕಾದಲ್ಲಿ 109 ರೋಗಿಗಳಿಗೆ ಕೊಟ್ಟರು. ಎಲ್ಲರದ್ದೂ ಬಹಳ ಹಟಮಾರಿ ಟಿಬಿ. ನೂರಕ್ಕೆ 90 ಜನರಲ್ಲಿ ಚಿಕಿತ್ಸೆ ಫಲಿಸಿತು. ಅದೂ ಬಹುಪಾಲು ಆರೇ ತಿಂಗಳಲ್ಲಿ. ಅದಕ್ಕೆ ಮುಂಚೆ ಇಂಥವರು ಒಂದೂವರೆ ಎರಡು ವರ್ಷ ಮಾತ್ರೆ ನುಂಗಿ, ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡು, ಕೆಲವರು ಕಿವಿ ಕೇಳಿಸದಂತಾಗಿ, ಆದರೂ ಬಹಳ ಮಂದಿ ಗುಣವಾಗುತ್ತಿರಲಿಲ್ಲ. ಒಂದು ಚಕ್ರ ತಿರುಗದಂತೆ ಮಾಡಿದ್ದರ ಫಲ ಎಷ್ಟು ದೂರ ಹೋಯಿತು ನೋಡಿ.

ಫ್ಲಾಸ್ಕ್ ಹೇಳಿದ ಸುಳ್ಳು

ಹಾಗಾದರೆ ಪೂರ್ತಿ ರೋಗಾಣುವನ್ನು ಕೊಲ್ಲುವ ರಾಸಾಯನಿಕ ಸಿಕ್ಕರೆ ಗೆದ್ದ ಹಾಗೆಯೇ? ಇಲ್ಲ. ಇಲ್ಲಿ ಇನ್ನೊಂದು ಬಲೆ ಇದೆ.

ಸಿಂಗಪುರದ ಒಂದು ತಂಡಕ್ಕೆ ಟಿಬಿ ರೋಗಾಣುವನ್ನು ಚೆನ್ನಾಗಿ ಕೊಲ್ಲುವ ರಾಸಾಯನಿಕಗಳು ಸಿಕ್ಕಿದ್ದವು. ತಿದ್ದಿ ತೀಡಿ ಅವನ್ನು ಇನ್ನೂ ಬಲಪಡಿಸಿದರು. ಆಮೇಲೆ ಟಿಬಿ ಹಿಡಿಸಿದ ಇಲಿಗಳಿಗೆ ಕೊಟ್ಟರು. ಏನೂ ಪ್ರಯೋಜನ ಆಗಲಿಲ್ಲ. ಮದ್ದು ರಕ್ತಕ್ಕೆ ಸೇರುತ್ತಿದೆ, ರೋಗಾಣು ಮಾತ್ರ ಆರಾಮಾಗಿ ಬೆಳೆಯುತ್ತಿದೆ.

ಕಾರಣ ಸಿಕ್ಕಿದ್ದು ರೋಗಾಣುವಿನ ಊಟದಲ್ಲಿ. ಲ್ಯಾಬಿನ ಫ್ಲಾಸ್ಕಿನಲ್ಲಿ ಟಿಬಿ ರೋಗಾಣುವಿಗೆ ವಾಡಿಕೆಯಿಂದ ಗ್ಲಿಸರಾಲ್ ಹಾಕಿ ಬೆಳೆಸುತ್ತಾರೆ. ಈ ರಾಸಾಯನಿಕಗಳು ರೋಗಾಣುವನ್ನು ಕೊಲ್ಲುತ್ತಿದ್ದುದು ಗ್ಲಿಸರಾಲ್ ಅರಗಿಸಿಕೊಳ್ಳುವ ಹೊತ್ತಿನಲ್ಲಿ ಮಾತ್ರ. ಅರ್ಧ ಅರಗಿದ ಗ್ಲಿಸರಾಲ್ ಒಳಗೆ ಶೇಖರವಾಗಿ ರೋಗಾಣುವಿನ ಶಕ್ತಿ ಬರಿದಾಗುತ್ತಿತ್ತು. ಇಲಿಯ ಶ್ವಾಸಕೋಶದಲ್ಲಿ ರೋಗಾಣು ಗ್ಲಿಸರಾಲನ್ನು ನೆಚ್ಚಿಕೊಂಡಿರುವುದಿಲ್ಲ. ಹಾಗಾಗಿ ಮದ್ದಿಗೆ ಅಲ್ಲಿ ಕೆಲಸವೇ ಇರಲಿಲ್ಲ. 2010ರಲ್ಲಿ ಅವರು ಇದನ್ನು ಬಿಡಿಸಿ ಬರೆದರು. ಅಂದಿನಿಂದ ಯಾವ ಊಟದಲ್ಲಿ ಬೆಳೆಸಿ ಪರೀಕ್ಷೆ ಮಾಡಿದಿರಿ ಅನ್ನೋ ಪ್ರಶ್ನೆ ದೊಡ್ಡ ಪ್ರಶ್ನೆಯಾಗಿದೆ.

ಹಾಗಾದರೆ ನಮ್ಮ ದೇಹದಲ್ಲಿ ಅದು ಏನು ತಿನ್ನುತ್ತದೆ? ಕೊಬ್ಬು, ಮುಖ್ಯವಾಗಿ ನಮ್ಮದೇ ಕೊಲೆಸ್ಟರಾಲ್. ರೋಗಾಣುವನ್ನು ನುಂಗಿ ಕೊಲ್ಲಬೇಕಾದ ಮ್ಯಾಕ್ರೋಫೇಜ್ ಎಂಬ ಕೋಶದೊಳಗೇ ಅದು ಮನೆ ಮಾಡಿಕೊಂಡಿರುತ್ತದೆ. ಆ ಕೋಶದ ಕೊಲೆಸ್ಟರಾಲನ್ನೇ ಎಳೆದುಕೊಂಡು ತಿನ್ನುತ್ತದೆ ಎಂದು 2008ರಲ್ಲಿ ತೋರಿಸಿದರು. ಅಲ್ಲಿ ಆಮ್ಲೀಯ ವಾತಾವರಣ, ಆಮ್ಲಜನಕ ಕಡಿಮೆ, ಕಬ್ಬಿಣದ ಅಂಶ ಸಿಗುವುದು ಕಷ್ಟ. ಫ್ಲಾಸ್ಕಿನಲ್ಲಿ ಬೇಕಾಗದ ಎಷ್ಟೋ ಪ್ರೋಟೀನುಗಳು ಅಲ್ಲಿ ಜೀವಕ್ಕೆ ಸಮ. ಫ್ಲಾಸ್ಕಿನಲ್ಲಿ ಜೀವಕ್ಕೆ ಸಮ ಆಗಿದ್ದ ಕೆಲವು ಅಲ್ಲಿ ಇಲ್ಲದಿದ್ದರೂ ನಡೆಯುತ್ತದೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಟ್ರಿಪ್ಟೊಫಾನ್. ಇದೊಂದು ಅಮೈನೋ ಆಮ್ಲ, ಪ್ರೋಟೀನ್ ಕಟ್ಟಲು ಬೇಕು. ನಮ್ಮ ರೋಗ ನಿರೋಧಕ ವ್ಯವಸ್ಥೆ ಎಚ್ಚೆತ್ತಾಗ ರೋಗಾಣು ಇರುವ ಕೋಶದಲ್ಲಿ ಟ್ರಿಪ್ಟೊಫಾನನ್ನು ಒಡೆದು ಹಾಕಿ, ಅದನ್ನು ಉಪವಾಸ ಕೆಡವಲು ನೋಡುತ್ತದೆ. ಕೆಲವು ರೋಗಾಣುಗಳು ಇದರಿಂದ ಸಾಯುತ್ತವೆ. ಟಿಬಿ ರೋಗಾಣು ಸಾಯುವುದಿಲ್ಲ, ಯಾಕೆಂದರೆ ಅದು ಟ್ರಿಪ್ಟೊಫಾನನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆಯನ್ನು ನಿಲ್ಲಿಸಿದರೆ? ಆಗ ನಮ್ಮ ದೇಹ ಹಾಕಿದ ಉಪವಾಸ ಫಲ ಕೊಡುತ್ತದೆ. 2013ರ ಒಂದು ಅಧ್ಯಯನ ಇದನ್ನು ಇಲಿಗಳಲ್ಲಿ ತೋರಿಸಿತು. ಹೊರಗಿನಿಂದ ಟ್ರಿಪ್ಟೊಫಾನ್ ಧಾರಾಳವಾಗಿ ಸಿಗುವ ಕಡೆ ಈ ಗುರಿಯ ಬೆಲೆ ಗೊತ್ತೇ ಆಗುವುದಿಲ್ಲ.

ಬೇಕಾದದ್ದೆಲ್ಲ ಕೈಗೆ ಸಿಗುವುದಿಲ್ಲ

ಗುರಿ ಜೀವಕ್ಕೆ ಅಗತ್ಯ ಇರುವುದು ಒಂದು, ಅದನ್ನು ಹಿಡಿಯಲು ಆಗುವುದು ಇನ್ನೊಂದು. ಐಸೋಸಿಟ್ರೇಟ್ ಲಯೇಸ್ ಎಂಬ ಪ್ರೋಟೀನ್ ಇಲ್ಲದಿದ್ದರೆ ರೋಗಾಣು ಇಲಿಯ ಶ್ವಾಸಕೋಶದಲ್ಲಿ ಬಹಳ ಕಾಲ ಉಳಿಯಲಾರದು ಎಂದು 2000ದಲ್ಲೇ ಗೊತ್ತಾಗಿತ್ತು. ಕೊಬ್ಬು ತಿಂದು ಬದುಕಲು ಅದು ಬೇಕು. ಮನುಷ್ಯರಲ್ಲಿ ಆ ಪ್ರೋಟೀನ್ ಇಲ್ಲ. ಓದಿದರೆ ಆದರ್ಶ ಗುರಿ. ಆದರೆ ಅದರ ಕೆಲಸದ ಸಂದಿ ತೀರ ಚಿಕ್ಕದು. ಕೆಲಸ ಶುರುವಾದೊಡನೆ ಮುಚ್ಚಿಕೊಳ್ಳುತ್ತದೆ. ಅದರೊಳಗೆ ಕೂರುವ ಒಳ್ಳೆಯ ಮದ್ದು ಇಷ್ಟು ವರ್ಷವಾದರೂ ರೋಗಿಗಳ ತನಕ ಬಂದಿಲ್ಲ.

ಇನ್ನೊಂದು ಪ್ರಶ್ನೆ ಈಚೆಗೆ ಮುಂದೆ ಬಂದಿದೆ: ಎಷ್ಟು ನಿಲ್ಲಿಸಿದರೆ ಸಾಕು? ಜೀನನ್ನು ಪೂರ್ತಿ ಕೆಡಿಸಿ ನೋಡುವ ಪರೀಕ್ಷೆಯು ಆ ಜೀನ್ ‘ಬೇಕು’ ಅಥವಾ ‘ಬೇಡ’ ಅಂತ ಎರಡೇ ಉತ್ತರ ಕೊಡುತ್ತದೆ. ಮದ್ದು ಯಾವತ್ತೂ ಪ್ರೋಟೀನನ್ನು ನೂರಕ್ಕೆ ನೂರು ನಿಲ್ಲಿಸುವುದಿಲ್ಲ. ಕೆಲವು ಪ್ರೋಟೀನುಗಳಲ್ಲಿ ಅರ್ಧ ನಿಂತರೂ ರೋಗಾಣು ತತ್ತರಿಸಬಹುದು. ಇನ್ನು ಕೆಲವು ನೂರಕ್ಕೆ 95 ನಿಂತರೂ ರೋಗಾಣು ಉಳಿದ ಐದರಲ್ಲೇ ಸಂಸಾರ ಸಾಗಿಸುತ್ತದೆ. ಬೇಕಾದ ಜೀನನ್ನೇ ಹುಡುಕಿ ಹಿಡಿಯುವ ಕ್ರಿಸ್ಪರ್ ಎಂಬ ತಂತ್ರದ ಒಂದು ಬಗೆಯನ್ನು ಬಳಸಿ ಒಂದೊಂದು ಜೀನಿನ ದನಿಯನ್ನು ಬೇಕಾದಷ್ಟು ತಗ್ಗಿಸಿ ನೋಡುವ ವಿಧಾನ ಟಿಬಿ ರೋಗಾಣುವಿಗೆ 2017ರಲ್ಲಿ ಬಂತು. 2021ರಲ್ಲಿ ಬಹುತೇಕ ಎಲ್ಲ ಜೀನುಗಳನ್ನೂ ಹೀಗೆ ಅಳೆದ ದೊಡ್ಡ ನಕ್ಷೆ ಪ್ರಕಟವಾಯಿತು. ಯಾವುದು ಅಗತ್ಯ ಅನ್ನೋದಕ್ಕಿಂತ ಯಾವುದು ಸ್ವಲ್ಪ ಅಲುಗಿದರೂ ತಡೆಯಲಾರದು ಅನ್ನೋದನ್ನು ಅದು ಹೇಳುತ್ತದೆ. ಹೊಸ ಗುರಿ ಆರಿಸುವವರಿಗೆ ಇದಕ್ಕಿಂತ ಒಳ್ಳೆಯ ಸಾಧನ ಸದ್ಯಕ್ಕೆ ಇಲ್ಲ ಅಂತ ನನಗನ್ನಿಸುತ್ತದೆ.

ಒಂದು ವಿಚಿತ್ರವೂ ಇದೆ. ಪೂರ್ತಿ ರೋಗಾಣುವಿನ ಮೇಲೆ ಯಾರು, ಎಲ್ಲಿ, ಯಾವ ರಾಸಾಯನಿಕಗಳಿಂದ ಹುಡುಕಿದರೂ ಕೆಲವು ಗುರಿಗಳೇ ಮತ್ತೆ ಮತ್ತೆ ಸಿಗುತ್ತವೆ. ಡಿಪಿಆರ್‌ಇ1 ಅಂತ ಒಂದು. ಗೋಡೆಯ ಸಕ್ಕರೆ ಭಾಗ ಕಟ್ಟಲು ಬೇಕಾದದ್ದು, 2009ರಲ್ಲಿ ಬೆಂಜೋಥಯಜಿನೋನ್ ಎಂಬ ರಾಸಾಯನಿಕಗಳಿಂದ ಬೆಳಕಿಗೆ ಬಂತು. ಎಂಎಂಪಿಎಲ್3 ಇನ್ನೊಂದು. ಮೈಕೋಲಿಕ್ ಆಮ್ಲವನ್ನು ಹೊರಗಿನ ಗೋಡೆಗೆ ಸಾಗಿಸುವುದು ಅದರ ಕೆಲಸ. ಇವು ಇರುವುದು ರೋಗಾಣುವಿನ ಒಳಪೊರೆಯಲ್ಲಿ ಅಥವಾ ಅದರ ಆಚೆ ಬದಿಯಲ್ಲಿ. ತೀರ ಒಳಗೆ ನುಗ್ಗದೆಯೂ ಮದ್ದು ಇವನ್ನು ಮುಟ್ಟಬಹುದು. ಬಹುಶಃ ಅದಕ್ಕೇ ಸುಲಭವಾಗಿ ಸಿಗುತ್ತವೆ.

ಹೀಗೆ ಸಿಕ್ಕಿದ ಮತ್ತೊಂದು ಕ್ಯೂಸಿಆರ್‌ಬಿ, ರೋಗಾಣುವಿನ ಉಸಿರಾಟದ ಯಂತ್ರದ ಭಾಗ. ಟೆಲಾಸೆಬೆಕ್ ಎಂಬ ಮದ್ದು ಇದಕ್ಕೆ ಹೊಡೆಯುತ್ತದೆ. ಆದರೆ ಟಿಬಿ ರೋಗಾಣುವಿಗೆ ಉಸಿರಾಡಲು ಇನ್ನೊಂದು ದಾರಿ ಇದೆ. ಒಂದನ್ನು ಮುಚ್ಚಿದರೆ ಅದು ಕುಂಟುತ್ತಾ ಬದುಕುತ್ತದೆ. ಎರಡನ್ನೂ ಮುಚ್ಚಿದರೆ ಸಾಯುತ್ತದೆ. ಹಾಗಾಗಿ ಗುರಿಗಳನ್ನು ಜೋಡಿಯಾಗಿ ಯೋಚಿಸಬೇಕಾಗುತ್ತದೆ.

ಗುರಿ ಸರಿ ಇದ್ದರೂ ಮದ್ದು ತಪ್ಪಬಹುದು. ಬೆಡಾಕ್ವಿಲಿನ್‌ಗೆ ಬಗ್ಗದ ರೋಗಾಣುಗಳು ಈಗ ರೋಗಿಗಳಲ್ಲಿ ಕಾಣುತ್ತಿವೆ. ಅವುಗಳಲ್ಲಿ ಹೆಚ್ಚಿನವುಗಳ ಎಟಿಪಿ-ಇ ಚೆನ್ನಾಗೇ ಇದೆ. ಕೆಟ್ಟಿರುವುದು ಒಂದು ಪಂಪಿನ ಕಡಿವಾಣ. ಕಡಿವಾಣ ತಪ್ಪಿದ ಪಂಪು ಮದ್ದನ್ನು ಹೊರಗೆ ಚೆಲ್ಲುತ್ತಿದೆ. ಇನ್ನು ಕೆಲವು ರೋಗಾಣುಗಳು ಸತ್ತ ಶ್ವಾಸಕೋಶದ ಗಟ್ಟಿ ಗಿಣ್ಣಿನಂಥ ಮುದ್ದೆಯೊಳಗೆ ಅಡಗಿರುತ್ತವೆ. ಅಲ್ಲಿಗೆ ರಕ್ತನಾಳವೇ ಹೋಗುವುದಿಲ್ಲ. ಮದ್ದು ನೆನೆದು ನೆನೆದು ಒಳಗೆ ಇಳಿಯಬೇಕು. ಕೆಲವು ಇಳಿಯುತ್ತವೆ, ಕೆಲವು ಅಂಚಿನಲ್ಲೇ ನಿಲ್ಲುತ್ತವೆ.

ಒಳಗೆ ಚೆನ್ನಾಗಿ ಇಳಿಯುವ ಮದ್ದುಗಳಲ್ಲಿ ಪಿರಜಿನಮೈಡ್ ಒಂದು. ಇದರ ಬಗ್ಗೆ ಹೇಳದೆ ಮುಗಿಸಲು ಮನಸ್ಸು ಬರುವುದಿಲ್ಲ. ಚಿಕಿತ್ಸೆಯನ್ನು ಒಂಬತ್ತು ತಿಂಗಳಿಂದ ಆರಕ್ಕೆ ಇಳಿಸಿದ್ದು ಇದೇ. ಇದರ ಗುರಿ ಯಾವುದು ಅಂತ ಎಪ್ಪತ್ತು ವರ್ಷದಿಂದ ಚರ್ಚೆ ನಡೆದಿದೆ. ಈಚಿನ ಪುರಾವೆ ಪ್ಯಾನ್‌ಡಿ ಎಂಬ ಪ್ರೋಟೀನಿನ ಕಡೆ ಬೊಟ್ಟು ಮಾಡುತ್ತದೆ. ಮದ್ದು ಅದರ ಮೇಲೆ ಕೂತು ಕೆಲಸ ನಿಲ್ಲಿಸಿ ಸುಮ್ಮನಾಗುವುದಿಲ್ಲ. ಪ್ರೋಟೀನಿನ ಆಕಾರವನ್ನೇ ಸ್ವಲ್ಪ ತಿರುಚುತ್ತದೆ. ಆಗ ರೋಗಾಣುವಿನ ಕಸ ವಿಲೇವಾರಿ ಮಾಡುವ ಯಂತ್ರ ಅದನ್ನು ಹಾಳಾದ ಪ್ರೋಟೀನ್ ಎಂದುಕೊಂಡು ಚೂರು ಮಾಡಿ ಹಾಕುತ್ತದೆ. ಗುರಿಯನ್ನು ತಡೆಯುವ ಬದಲು ಗುರಿಯನ್ನೇ ಕಸಕ್ಕೆ ಹಾಕಿಸುವ ಈ ಉಪಾಯವನ್ನು ಬೇರೆ ಪ್ರೋಟೀನುಗಳ ಮೇಲೂ ಮಾಡಲು ಈಗ ಹಲವು ಲ್ಯಾಬುಗಳು ಪ್ರಯತ್ನಿಸುತ್ತಿವೆ.

ಸಾಮಾನ್ಯ ಫ್ಲಾಸ್ಕಿನಲ್ಲಿ ಬೆಳೆಯುವ ಟಿಬಿ ರೋಗಾಣುವಿನ ಮೇಲೆ ಪಿರಜಿನಮೈಡ್ ಹಾಕಿದರೆ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಆಮ್ಲ ಬೆರೆಸಿದರೆ ಮಾತ್ರ ಅದರ ಗುಣ ಕಾಣುತ್ತದೆ. 1952ರಲ್ಲಿ ಅದನ್ನು ಕಂಡುಹಿಡಿದವರು ಟಿಬಿ ಹಿಡಿದ ಇಲಿಗಳ ಮೇಲೆ ನೇರವಾಗಿ ಪರೀಕ್ಷೆ ಮಾಡಿದ್ದರು. ಫ್ಲಾಸ್ಕಿನಿಂದ ಶುರು ಮಾಡಿದ್ದರೆ, ಕೆಲಸಕ್ಕೆ ಬಾರದ್ದು ಅಂತ ಬರೆದು ಅವತ್ತೇ ಬದಿಗಿಟ್ಟಿರುತ್ತಿದ್ದರು.